ಉಲ್ಟಾ ವೈರಿನ ಭಾವ

ಎಡಜೇಬಿನ ತಳದಲ್ಲಿ ತೂತಿಲ್ಲದ ಒಂದು ಅಂಗಿಯೂ ನಮ್ಮ ಭಾವನಿಗಿರಲಿಲ್ಲ. ಬೇರೆ ಗಂಡಸರು ಪೆನ್ನು ಸಿಕ್ಕಿಸುವ ಜಾಗದಲ್ಲಿ ಅವರು ಹಸಿರು ಹಿಡಿಯ ಸ್ಕ್ರೂಡ್ರೈವರ್ ಸಿಕ್ಕಿಸಿಕೊಳ್ಳುತ್ತಿದ್ದರು. ಮದುವೆಮನೆಗೆ ಹೋದರೂ ಅದು ಬೇಕು, ಘಾಟಿಗೆ ಹೋಗಿ ದೇವರ ಮುಂದೆ ನಿಂತರೂ ಅದು ಬೇಕು. ಅಕ್ಕ ತೇಪೆ ಹಾಕುತ್ತಾ, “ನಿಮ್ಮ ಜೇಬಲ್ಲಿ ದುಡ್ಡು ನಿಲ್ಲಲ್ಲ ಅಂತ ಹೇಳೋಕೆ ಜ್ಯೋತಿಷ್ಯದೋರು ಯಾಕ್ರೀ ಬೇಕು?” ಎಂದು ಕಿಚಾಯಿಸಿದರೆ, “ಸ್ಕ್ರೂಡ್ರೈವರ್ ನಿಂತಿದೆಯಲ್ಲ, ಇರ್ಲಿ ಬಿಡು” ಎಂದು ನಗುತ್ತಿದ್ದರು. “ಇರ್ಲಿ ಬಿಡು” ಅವರ ಖಾಯಂ ಮಾತು.

ಭಾವ ಮನೆ ಅಳಿಯ. ಹಾಗೆಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೀಣ್ಯದಲ್ಲಿ ಅವರು ಕೆಲಸಕ್ಕಿದ್ದ ಟಿ.ವಿ. ಜೋಡಿಸುವ ಕಾರ್ಖಾನೆ ಮುಚ್ಚಿತು. ಅಕ್ಕನನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದರು. ಎರಡು ತಿಂಗಳಿಗೆ ಅಂತ ಬಂದವರು ಉಳಿದೇಬಿಟ್ಟರು. ಬೀದಿಯ ನಲ್ಲಿ ಹತ್ತಿರ ಹೆಂಗಸರು, “ನಿಮ್ಮ ಭಾವ ಇನ್ನೂ ಇದ್ದಾರೇನೇ?” ಎಂದು ಕೇಳಿದರೆ ನನಗೆ ಮುಖ ಎಲ್ಲಿಡಲಿ ಅನ್ನಿಸುತ್ತಿತ್ತು. ಟೈಪಿಂಗ್ ಕ್ಲಾಸಿಗೆ ಹೋಗುವಾಗ ಅವರು ಎದುರು ಸಿಕ್ಕರೆ ಗಲ್ಲಿ ಬದಲಿಸುತ್ತಿದ್ದೆ. ಎಂಥ ಮಹಾರಾಣಿಯೋ ನಾನು!

ನಮ್ಮದು ಆರು ಪವರ್‌ಲೂಮಿನ ಮನೆ. ಮಗ್ಗದ ಸದ್ದಿನಲ್ಲೇ ಉಂಡು, ಸದ್ದಿನಲ್ಲೇ ಮಲಗಿ ಬೆಳೆದವರು. ಯಾವುದಾದರೂ ಮಗ್ಗ ನಿಂತರೆ ಅಪ್ಪನ ಬಾಯಿಂದ ಮೊದಲು ಬರುತ್ತಿದ್ದ ಮಾತು, “ಯಾರ್ ಮುಟ್ಟಿದ್ದು?” ಮಗ್ಗ ಸರಿಹೋಗುವುದು ಆಮೇಲೆ, ಕಳ್ಳ ಮೊದಲು ಸಿಗಬೇಕು. ಅಮ್ಮನ ಕೈ ತಗುಲಿ ಒಂದು ಎಳೆ ಕಡಿದರೂ ಅಪ್ಪ ಮೂರು ಮನೆಗೆ ಕೇಳುವ ಹಾಗೆ ಕೂಗಾಡುತ್ತಿದ್ದರು. ಅಮ್ಮ ತಲೆ ತಗ್ಗಿಸಿ ಎಳೆ ಗಂಟು ಹಾಕುತ್ತಿದ್ದಳು. ಅವಳ ಗಂಟು ಬೀದಿಗೇ ಹೆಸರುವಾಸಿ. ಸಾಸಿವೆಗಿಂತ ಸಣ್ಣದು, ಎಳೆದರೂ ಬಿಚ್ಚದು.

ತೊಂಬತ್ತರ ದಶಕದ ನಡುವೆ ಭಾವನ ತಲೆಗೆ ಕಂಪ್ಯೂಟರ್ ಹೊಕ್ಕಿತು. ಸೀರೆಯ ಅಂಚಿನ ಡಿಸೈನನ್ನು ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯುವ ಕಾಲ ಅದು. ಕಂಪ್ಯೂಟರಿನಲ್ಲಾದರೆ ವಾರದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ ಎಂದರು. ಹೊಸದು ಕೊಳ್ಳುವ ತಾಕತ್ತು ಯಾರಿಗಿತ್ತು? ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ತಾನೇ ಜೋಡಿಸುತ್ತೇನೆ ಎಂದರು. ಅಪ್ಪ ಗೊಣಗಿ ಗೊಣಗಿ, ಕೊನೆಗೆ ಮೂಲೆಯ ಹಳೇ ಮಗ್ಗ ಕಿತ್ತು ಗುಜರಿಗೆ ಹಾಕಿ ಜಾಗವನ್ನೂ ಕಾಸನ್ನೂ ಕೊಟ್ಟರು. “ಓಡೋ ಮಗ್ಗ ಕಿತ್ಕೊಟ್ಟಿದ್ದೀನಿ ಅಳಿಯಂದ್ರೇ. ಇದು ಓಡಬೇಕು” ಎಂದರು. ಓಡದಿದ್ದರೆ ಈ ಮನೆಯಲ್ಲಿ ತನಗೆ ತಟ್ಟೆಯ ಮುಂದೆ ಕೂರುವ ಮುಖವಿರುವುದಿಲ್ಲ ಎಂದು ಭಾವನಿಗೆ ಗೊತ್ತಿತ್ತು.

ಮಾನಿಟರನ್ನು ಅಕ್ಕನ ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದರು. ದಸರೆಗೆ ಮುಂಚೆ ಜೋಡಣೆ ಮುಗಿಯಿತು. ಒಂದು ಮಧ್ಯಾಹ್ನ ಕದ ಮುಂದೆ ಮಾಡಿ ನನಗೊಬ್ಬಳಿಗೇ ತೋರಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. “ನೋಡಿದ್ಯಾ ನಾದಿನಿ? ಯಾರಿಗೂ ಹೇಳ್ಬೇಡ. ವಿಜಯದಶಮಿ ದಿನ ಎಲ್ಲರ ಮುಂದೆ” ಎಂದರು.

ಆಯುಧಪೂಜೆಯ ದಿನ ನಮ್ಮೂರಿನಲ್ಲಿ ಮಗ್ಗಗಳೆಲ್ಲ ನಿಲ್ಲುತ್ತವೆ. ಪ್ರತಿ ಮಗ್ಗಕ್ಕೂ ಹೊಸ ಉಂಡೆಯಿಂದ ಒಂದೆಳೆ ಜರಿ ತೆಗೆದು, ಅರಿಶಿನ ಮುಟ್ಟಿಸಿ ಕಟ್ಟುವುದು ನಮ್ಮ ಮನೆಯ ಪದ್ಧತಿ. ಕಟ್ಟುವವಳು ಅಮ್ಮ. ಕಂಪ್ಯೂಟರಿನ ಡಬ್ಬಿಯ ಮುಚ್ಚಳ ತೆಗೆದಿಡಬೇಕೆಂದು ಅವಳು ನನ್ನ ಕೈಲಿ ಹೇಳಿ ಕಳಿಸಿದಳು. ಅಳಿಯನ ಎದುರು ಅತ್ತೆ ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಮಕ್ಕಳ ಮೂಲಕ. “ಹೊಟ್ಟೆ ಒಳಗೂ ಪೂಜೆ ಆಗ್ಬೇಕಂತೆ ಭಾವ” ಎಂದೆ. ಅವರು ತಲೆ ಕೆರೆದುಕೊಂಡರು. “ಕುಂಕುಮ ಡಬ್ಬಿಗೆ ಮಾತ್ರ ಇಡೋಕೆ ಹೇಳಮ್ಮ. ಇರ್ಲಿ ಬಿಡು” ಎಂದು ಮುಚ್ಚಳ ತೆಗೆದಿಟ್ಟರು.

ಮಾರನೆಯ ಬೆಳಿಗ್ಗೆ ಬೀದಿಯ ಅರ್ಧ ಜನ ನಮ್ಮ ಮನೆಯಲ್ಲೇ. ಐದು ಮಗ್ಗವೂ ಓಡಿದವು. ಅವನ್ನು ನಿಲ್ಲಿಸಿ ಎಲ್ಲರೂ ಮೂಲೆಗೆ ತಿರುಗಿದರು. ಭಾವ ಕೈ ಮುಗಿದು ಸ್ವಿಚ್ ಒತ್ತಿದರು. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರು. ಮತ್ತೆ ಅರ್ಧ ಸುತ್ತು.

ಆಮೇಲಿನದು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಅವರು ಪ್ಲಗ್ ಬದಲಿಸಿದರು. ಒಳಗಿನ ಕಾರ್ಡು ಕಿತ್ತು, ಅದರ ಲೋಹದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದರು. ಅಂಗಿ ಬೆನ್ನಿಗೆ ಅಂಟಿತ್ತು. “ಎರಡು ಏಟು ಹಾಕಿ ಗುರುವೇ, ನಮ್ಮನೆ ರೇಡಿಯೋ ಹಂಗೇ ಹಾಡೋದು” ಎಂದರೊಬ್ಬರು. ನಗುವೋ ನಗು. ಅಕ್ಕ ಪುರಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು. ಅಪ್ಪ ಅಭ್ಯಾಸದಂತೆ, “ಯಾರ್ ಮುಟ್ಟಿದ್ದು?” ಎಂದು ಗದರಿದರು. ಒಳಬಾಗಿಲ ಹಿಂದೆ ಬಳೆ ಸದ್ದು ತಟ್ಟನೆ ನಿಂತಿತು. “ಯಾರೂ ಇಲ್ಲ ಮಾವ. ನೋಡ್ತೀನಿ ಇರಿ” ಎಂದರು ಭಾವ. “ನೋಡಿ ನೋಡಿ. ಓಡೋ ಮಗ್ಗ ಕಿತ್ತಾಕಿ, ಮನೇಲೊಂದು ಗೊಂಬೆ ಕೂರಿಸ್ದಂಗಾಯ್ತು” ಎಂದು ಟವೆಲ್ ಕೊಡವಿ ಅಪ್ಪ ಹೊರಟುಹೋದರು. ಜನವೂ ಕರಗಿತು.

ಉಳಿದವಳು ನಾನೊಬ್ಬಳು, ಟಾರ್ಚು ಹಿಡಿದು. ಭಾವ ಒಂದೊಂದೇ ಸ್ಕ್ರೂ ಬಿಚ್ಚಿ ದೊಡ್ಡ ಬೋರ್ಡನ್ನೇ ಮೇಲೆತ್ತಿದರು. ಅದು ಕೂತಿದ್ದ ಪುಟ್ಟ ಹಿತ್ತಾಳೆ ಕಂಬಕ್ಕೆ ಒಂದೆಳೆ ಜರಿ ಕಟ್ಟಿತ್ತು. ಅದರ ತುದಿ ಬೋರ್ಡಿನ ಅಡಿಗೆ ನುಸುಳಿ ಬೆಸುಗೆಗಳ ಮೇಲೆ ಮಲಗಿತ್ತು. ಅಸಲಿ ಜರಿ ಎಂದರೆ ಲೋಹದ ತಂತಿಯೇ ಅಲ್ಲವೇ? ಕರೆಂಟಿಗೆ ದಾರಿ ಸಿಕ್ಕಿ ಶಾರ್ಟಾಗಿದೆ. ಸಾಸಿವೆಗಿಂತ ಸಣ್ಣ ಗಂಟು, ಅದರ ಮೇಲೆ ಅರಿಶಿನ.

ನಾನು ಬಾಯಿ ತೆರೆದೆ. ಭಾವ ಬಾಗಿಲ ಕಡೆ ನೋಡಿದರು. ಹೊಸ್ತಿಲ ಮೇಲೆ ಒಂದು ಸೆರಗಿನ ಅಂಚು ಕಾಣುತ್ತಿತ್ತು. ಜರಿಯನ್ನು ಮೆಲ್ಲಗೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ಇಡೀ ಮನೆಗೆ ಕೇಳುವಂತೆ, “ಥೂ, ನನ್ನ ಬುದ್ಧಿಗಿಷ್ಟು! ಒಂದು ವೈರ್ ಉಲ್ಟಾ ಹಾಕ್ಬಿಟ್ಟಿದ್ದೀನಿ ಕಣಮ್ಮಾ” ಎಂದರು.

ಬೋರ್ಡು ಕೂರಿಸಿ ಸ್ವಿಚ್ ಒತ್ತಿದಾಗ ಫ್ಯಾನು ಗುಂಯ್ ಎಂದಿತು, ಅಕ್ಷರ ಮೂಡಿತು. ನೋಡಲು ಯಾರೂ ಇರಲಿಲ್ಲ. ಸಂಜೆ ಅಪ್ಪ ಬಂದು, “ಒಂದು ವೈರ್ ನೆಟ್ಟಗೆ ಹಾಕಕ್ಕೆ ಬರ್ದೆ ಬೀದಿ ಮುಂದೆ ಮಾನ ಕಳೆದ್ರಲ್ಲ!” ಎಂದು ಹರಿಹಾಯ್ದರು. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನಾನು ಭಾವನ ಹತ್ತಿರ ಜಗಳಕ್ಕೇ ಹೋದೆ: “ಯಾಕೆ ಭಾವ ಸುಳ್ಳು ಹೇಳಿದ್ರಿ?”

“ಅತ್ತೆ ನನ್ನ ಯಂತ್ರ ಚೆನ್ನಾಗಿ ಓಡ್ಲಿ ಅಂತ ಕಟ್ಟಿದ್ದಾರೆ. ಈ ಮನೇಲಿ ಹಂಗಂತ ಬೇರೆ ಯಾರು ಹರಸಿದ್ರು, ಹೇಳು? ಮಾವನಿಗೆ ಗೊತ್ತಾದ್ರೆ ಅವರನ್ನ ಬದುಕೋಕೆ ಬಿಡ್ತಾರಾ? ನನಗೆ ಬೈಸ್ಕೊಂಡು ಅಭ್ಯಾಸ ಇದೆ, ಇರ್ಲಿ ಬಿಡು.”

ಬೇರೆ ಯಾರು ಹರಸಿದ್ರು ಎಂದಾಗ ನನ್ನ ತಲೆ ತಗ್ಗಿತು. ನಾನಂತೂ ಹರಸಿರಲಿಲ್ಲ.

ಮುಂದೆ ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ಮಾವಿನಕಾಯಿ ಅಂಚು, ಹಂಸದ ಅಂಚು ಎಂದು ಊರವರೆಲ್ಲ ಹುಡುಕಿಕೊಂಡು ಬಂದರು. ಆದರೆ ಭಾವನ ಹೆಸರು ಮಾತ್ರ “ಉಲ್ಟಾ ವೈರು” ಎಂದೇ ಉಳಿಯಿತು. ಅಪ್ಪನೇ ಬಂದವರಿಗೆ, “ಉಲ್ಟಾ ವೈರ್ ಒಳಗವ್ರೆ ನೋಡಿ” ಎನ್ನುತ್ತಿದ್ದರು. ಭಾವ ಹಲ್ಲು ಬಿಡುತ್ತಿದ್ದರು.

ಕಾಮಾಲೆ ಬಂದು ಭಾವ ಹೋದಾಗ ಇನ್ನೂ ನಲವತ್ತು ತುಂಬಿರಲಿಲ್ಲ. ನಡುಮನೆಯಲ್ಲಿ ಮಲಗಿಸಿದ್ದರು. ಯಾರೋ ಹಿರಿಯರು ಮರುಕದಿಂದಲೇ, “ಪಾಪ, ಉಲ್ಟಾ ವೈರು ಒಳ್ಳೇ ಮನುಷ್ಯ” ಎಂದರು. ಅದುವರೆಗೂ ಬಾಗಿಲ ಮರೆಯಲ್ಲಿದ್ದ ಅಮ್ಮ ಹೊರಗೆ ಬಂದಳು. ಅಷ್ಟು ಗಂಡಸರ ನಡುವೆ ದಾಟಿಕೊಂಡು ಹೋಗಿ ಅಳಿಯನ ತಲೆದೆಸೆಯಲ್ಲಿ ಕೂತಳು.

“ಅವರು ಯಾವ ವೈರೂ ಉಲ್ಟಾ ಹಾಕಿರ್ಲಿಲ್ಲ. ಅದನ್ನ ಕೆಡಿಸಿದ್ದು ನಾನು ಕಟ್ಟಿದ ಜರಿ. ಬಾಗಿಲ ಸಂದಿಯಿಂದ ನೋಡ್ತಾ ಇದ್ದೆ. ನಾನೇ ಅನ್ನೋಕೆ ಬಾಯಿ ಬರ್ಲಿಲ್ಲ.” ಅಪ್ಪನ ಕಡೆ ತಿರುಗಿದಳು. “ನಿಮ್ಮ ಹೆದರಿಕೆಗೆ.”

ಅಪ್ಪ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತರು. ಆ ಹೆಸರನ್ನು ಮತ್ತೆ ಅವರ ಬಾಯಲ್ಲಿ ನಾನು ಕೇಳಲಿಲ್ಲ. ಅಮ್ಮ ಅಳಿಯನೊಂದಿಗೆ ನೇರವಾಗಿ ಮಾತಾಡಿದ್ದೂ ಅವತ್ತೇ. ಹಣೆ ಸವರಿ, “ಹೋಗ್ಬನ್ನಿ ಅಪ್ಪಾ” ಎಂದಳು.

ನನಗೀಗ ನನ್ನದೇ ಮನೆ, ಮಕ್ಕಳು, ಸೊಸೆ. ಮಿಕ್ಸಿ ನಿಲ್ಲುತ್ತದೆ, ಟಿ.ವಿ. ಕೆಡುತ್ತದೆ. ಅಪ್ಪನ ರಕ್ತವಲ್ಲವೇ, ಕೋಪ ಮೂಗಿನ ತುದಿಗೆ ಬರುತ್ತದೆ. ಆದರೆ “ಯಾರು ಮುಟ್ಟಿದ್ದು?” ಎಂದು ಮಾತ್ರ ನಾನು ಕೇಳುವುದಿಲ್ಲ.