ಮೂಗಿಗೊಂದು ಮ್ಯೂಸಿಯಂ

ಜ್ವರ ಬಿಟ್ಟು ಹೋಗುವಾಗ ನಮ್ಮವರ ಮೂಗನ್ನೂ ಕಟ್ಟಿಕೊಂಡು ಹೋಯಿತು. ಐದು ತಿಂಗಳಾದರೂ ವಾಸನೆ ಎಂಬುದು ವಾಪಸು ಬರಲಿಲ್ಲ. ಬೇರೆಯವರಾದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು, ನನ್ನ ಗಂಡ ಅಡುಗೆಯವರು. ಮ್ಯಾನ್‌ಹಟನ್‌ನಿಂದ ಟ್ರೈನಿನಲ್ಲಿ ಸ್ವಲ್ಪ ದೂರದ ಫ್ಲೋರಲ್ ಪಾರ್ಕ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಬೆಳಿಗ್ಗೆಯ ಮೊದಲ ಸಾರು ಅಡುಗೆಮನೆಯ ಕೃಷ್ಣನ ಪಟಕ್ಕೆ ನೈವೇದ್ಯ, ಆಮೇಲೆ ಗಿರಾಕಿಗಳಿಗೆ. ದೇವರಿಗಿಂತ ಮುಂಚೆ ಬಾಯಿಗಿಟ್ಟರೆ ಎಂಜಲು. ಹಾಗಾಗಿ ಉಡುಪಿ ಕಡೆಯ ಹಳೇ ಅಡುಗೆಯವರ ಹಾಗೆ ಇವರೂ ಹಬೆಗೆ ಮೂಗೊಡ್ಡಿಯೇ ಉಪ್ಪು ಹೆಚ್ಚೋ ಕಡಿಮೆಯೋ ಹೇಳುವವರು. ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಈಗ ದಿನಕ್ಕೊಂದು ರಾಮಾಯಣ. ಒಂದು ದಿನ ಸಾಂಬಾರು ಸಮುದ್ರದ ನೀರು, ಇನ್ನೊಂದು ದಿನ ಸಪ್ಪೆ. ಒಗ್ಗರಣೆ ಕರಕಲಾದರೂ ಅದರ ಮುಂದೆಯೇ ನಿಂತಿರುತ್ತಿದ್ದರು. "ಉಪ್ಪು ನಾಲಿಗೆಗೆ ಗೊತ್ತಾಗುತ್ತೆ ಅಂಕಲ್, ಟೇಸ್ಟ್ ಮಾಡಿ ನೋಡಿ" ಎಂದಳು ಮೂಗು ನೋಡಿದ ಡಾಕ್ಟರು ಹುಡುಗಿ. "ನಾಲಿಗೆ ಹಚ್ಚಿ ಅಡುಗೆ ಮಾಡುದಾ? ಥೂ!" ಎಂದರು ಇವರು. ಹಾಗಾದರೆ ನಾನು ರುಚಿ ನೋಡ್ತೇನೆ ಎಂದದ್ದಕ್ಕೆ ಸೌಟು ಕುಕ್ಕಿ ಎರಡು ದಿನ ಮಾತು ಬಿಟ್ಟರು. ಹಟ ಅಂದರೆ ಹಟ! ಆದರೆ ಒಂದು ಮಧ್ಯಾಹ್ನ ಮೆಲ್ಲಗೆ, "ಮೂಗು ಬಾರದಿದ್ದರೆ ಬಾಗಿಲು ಹಾಕುವ, ನನ್ನಿಂದಾಗುದಿಲ್ಲ" ಎಂದರು. ಜಗಳ ಮಾಡದೆ ಹೇಳಿದರು ನೋಡಿ, ನಾನು ಹೆದರಿದ್ದು ಅದಕ್ಕೇ.

ಲವಂಗ, ನಿಂಬೆ, ನೀಲಗಿರಿ ಎಣ್ಣೆಯ ಬಾಟಲಿಗಳನ್ನು ಮೂಸಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಆಗಲೇ ಇಲ್ಲೇ ಹತ್ತಿರ ಜೆರಿಕೋ ಎಂಬ ಊರಿನಲ್ಲಿರುವ ಮಗಳು ಯುರೋಪ್ ಸುತ್ತಿ ಬಂದಳು. ಅಲ್ಲಿ ಒಂದೇ ಊರಿನಲ್ಲಿ ಛತ್ರಿಗೊಂದು, ಮುರಿದ ಬೀಗಗಳಿಗೊಂದು, ವಾಸನೆಗೊಂದು ಮ್ಯೂಸಿಯಂ ನೋಡಿದಳಂತೆ. ವಾಸನೆಯದ್ದು ಮ್ಯಾನ್‌ಹಟನ್‌ನಲ್ಲೂ ಉಂಟು ಎಂದಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸೋಮವಾರ ಹೋಟೆಲಿಗೆ ರಜೆ, ಇವರನ್ನು ಎಳೆದುಕೊಂಡು ಟ್ರೈನ್ ಹತ್ತಿದೆ.

ಮ್ಯೂಸಿಯಂ ಅಂದರೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ನಮ್ಮ ಉಗ್ರಾಣದಷ್ಟು. ಗೋಡೆ ತುಂಬ ಮುಚ್ಚಳದ ತಗಡಿನ ಡಬ್ಬಿಗಳು, ಕೆಳಗೆ ಹೆಸರಿನ ಚೀಟಿ. ಒದ್ದೆ ನಾಯಿ. ಹಳೇ ಪುಸ್ತಕ. ಬೇಸಿಗೆಯ ಸಬ್‌ವೇ ಟ್ರೈನು, ಆ ಬೆವರು ನಾತ ಮೂಸಲಿಕ್ಕೆ ಟಿಕೆಟ್ ಬೇರೆ! ಇವರು ಒಂದೊಂದೇ ಮುಚ್ಚಳ ತೆಗೆದು ಮೂಗಿಟ್ಟು ತಲೆಯಾಡಿಸಿದರು. "ಎಂತದೂ ಇಲ್ಲ." ಮುಂದಿನದು. "ಇಲ್ಲ." ನಾನು ಒಂದನ್ನೂ ಮೂಸಲಿಲ್ಲ, ಇವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೃಷ್ಣಾ, ಮೂವತ್ತು ವರ್ಷ ಇವರ ಕೈಯಲ್ಲಿ ಉಂಡಿದ್ದೀಯಲ್ಲ, ಒಂದು ಡಬ್ಬಿಯ ವಾಸನೆಯಾದರೂ ಕೊಡು ಮಾರಾಯ ಎಂದು ಒಳಗೊಳಗೇ ಅಂಗಲಾಚಿದೆ.

ಕೊನೆಯ ಸಾಲಿನಲ್ಲಿ ಇಂಗಿನ ಡಬ್ಬಿ ಇತ್ತು. ಇವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು.

"ಬಂತು," ಎಂದರು. "ಬಂತು ಮಾರಾಯ್ತಿ, ಇಂಗು!"

ನಾನು ಅಲ್ಲೇ ಗೋಳೋ ಎಂದು ಅತ್ತುಬಿಟ್ಟೆ. ಅಲ್ಲಿ ನೋಡಿಕೊಳ್ಳುವ ಹುಡುಗಿ ಗಾಬರಿಯಾಗಿ ಟಿಶ್ಯೂ ಹಿಡಿದು ಓಡಿಬಂದಳು. ಇವರ ಕೈಯಲ್ಲಿದ್ದ ಡಬ್ಬಿ ನೋಡಿ, "ಅಯ್ಯೋ ಸಾರಿ, ಅದು ಖಾಲಿ. ಅದರ ವಾಸನೆ ಬೇರೆ ಡಬ್ಬಿಗಳಿಗೆಲ್ಲ ಹತ್ತುತ್ತದೆ ಅಂತ ಹೋದ ವಾರ ತೆಗೆದು, ತೊಳೆದಿಟ್ಟೆವು" ಎಂದಳು ಇಂಗ್ಲಿಷಿನಲ್ಲಿ.

ಇವರು ಮೆಲ್ಲಗೆ ಮುಚ್ಚಳ ಹಾಕಿದರು.

ವಾಪಸು ಬರುವಾಗ ಟ್ರೈನಿನಲ್ಲಿ ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ನೀನು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡ್ತಾ ಇದ್ದಿ. ಎಷ್ಟು ಸಲ ಅಂತ ಇಲ್ಲ ಇಲ್ಲ ಹೇಳುದು?" ಬೈಯಬೇಕೆಂದಿದ್ದೆ. ಸುಳ್ಳ ಎನ್ನಬೇಕೆಂದಿದ್ದೆ. ಆ ಹುಡುಗಿ ಕೊಟ್ಟ ಟಿಶ್ಯೂ ತೆಗೆದು ಮೂಗೊರೆಸಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಸಾರು ಕುದಿಯುತ್ತಿತ್ತು. ಕೃಷ್ಣನ ಮುಂದಿನ ಬೆಳ್ಳಿ ಬಟ್ಟಲು ಇನ್ನೂ ಖಾಲಿ. ಇವರು ಅಭ್ಯಾಸದಂತೆ ಹಬೆಗೆ ಬಗ್ಗಿದರು, ಬಗ್ಗಿದವರು ಹಾಗೇ ನಿಂತರು. ಆಮೇಲೆ ಒಂದು ಸೌಟು ತೆಗೆದು ಉಫ್ ಉಫ್ ಎಂದು ಆರಿಸಿ, "ಕೈ ಕೊಡು" ಎಂದರು.

"ನೈವೇದ್ಯ ಆಗಲಿಲ್ಲಲ್ಲ ರೀ?"

"ಕೈ ಕೊಡು ಅಂದೆ."

ಅಂಗೈ ಒಡ್ಡಿದೆ. ಎರಡು ಹನಿ ಸಾರು ಬಿಟ್ಟು, ಕೃಷ್ಣನಿಗೆ ಕಾಣದ ಹಾಗೆ ಪಟಕ್ಕೆ ಬೆನ್ನು ಹಾಕಿ ಅಡ್ಡ ನಿಂತುಕೊಂಡರು.

"ಉಪ್ಪು ಉಂಟಾ?" ಎಂದು ಕೇಳಿದರು.

ನೆಕ್ಕಿ ನೋಡಿದೆ. "ಇಲ್ಲ," ಎಂದೆ. "ಚೂರೂ ಇಲ್ಲ."