ಸೊಪ್ಪಿನ ದಾರಿಯಲ್ಲಿ ಪಾಠದ ತಂತಿ

ನಮ್ಮ ಶಿಡ್ಲಘಟ್ಟದ ಕಡೆ ಮನೆಗೆ ಬಂದ ನೆಂಟರು ಚಪ್ಪಲಿ ಬಿಡುವ ಮೊದಲು ಕೇಳುವ ಪ್ರಶ್ನೆ ಈಚೆಗೆ ಬದಲಾಗಿರುವುದನ್ನು ನೀವೂ ಗಮನಿಸಿರಬಹುದು. ಮೊದಲೆಲ್ಲ ಮಳೆ ಆಯಿತೇ, ರೇಷ್ಮೆಗೂಡಿಗೆ ರೇಟು ಹೇಗಿದೆ ಎಂದು ವಿಚಾರಿಸುತ್ತಿದ್ದವರು ಈಗ ಹೊಸ್ತಿಲ ಮೇಲೆಯೇ ನಿಂತು, ಅಂಗೈಯಲ್ಲಿರುವ ಫೋನನ್ನು ಹಸ್ತರೇಖೆ ನೋಡುವವರಂತೆ ದಿಟ್ಟಿಸಿ, "ಇಲ್ಲಿ ನೆಟ್ ಬರ್ತದಾ?" ಎನ್ನುತ್ತಾರೆ. ಬರುತ್ತದೆ ಎಂದರೆ ಕೂರುತ್ತಾರೆ. ಇಲ್ಲವೆಂದರೆ ಕಾಫಿಯನ್ನು ನಿಂತೇ ಕುಡಿದು ಹೊರಡುತ್ತಾರೆ. ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಆತಿಥ್ಯದ ಹೊರೆಯನ್ನು ಸಿಗ್ನಲ್ಲಿನ ಹೆಗಲಿಗೆ ದಾಟಿಸಿದ ಈ ಕಾಲಕ್ಕೆ ಒಳಗೊಳಗೇ ಕೃತಜ್ಞನಾಗಿಯೂ ಇದ್ದೆ, ಅದೇ ಪ್ರಶ್ನೆಯನ್ನು ಇಲಾಖೆಯವರು ನನ್ನ ಕಾಲೇಜಿನ ಬಗ್ಗೆ ಕೇಳುವವರೆಗೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಪ್ರಾಂಶುಪಾಲರು ನಿವೃತ್ತರಾದ ಮೇಲೆ ಪ್ರಭಾರ ಪ್ರಾಂಶುಪಾಲನೂ ಹೌದು. ಚಿಂತೆ ನನ್ನ ಹುಟ್ಟುಗುಣ. ಮೋಡ ಕವಿದರೆ ಛಾವಣಿಯ ಚಿಂತೆ, ಬಿಸಿಲು ಬಂದರೆ ಕೊಳವೆಬಾವಿಯ ಚಿಂತೆ, ಎರಡೂ ಇಲ್ಲದ ಹಿತವಾದ ದಿನಗಳಲ್ಲಿ ಇದು ಎಷ್ಟು ಹೊತ್ತು ಇದ್ದೀತೆಂಬ ಚಿಂತೆ. "ಚಿಂತೆ ಮಾಡೋಕೆ ನಿಮಗೆ ಬೇರೆ ಭತ್ಯೆ ಕೊಡ್ತಾರೇನ್ರೀ?" ಎಂದು ನನ್ನ ಹೆಂಡತಿ ಕೇಳುವುದುಂಟು. ಕೊಟ್ಟಿದ್ದರೆ ನಾವು ಇಷ್ಟು ಹೊತ್ತಿಗೆ ಚಿಕ್ಕಬಳ್ಳಾಪುರದಲ್ಲಿ ಸೈಟು ಮಾಡಿರುತ್ತಿದ್ದೆವು.

ಅಂತರ್ಜಾಲವೆಂಬ ಈ ಮಾಯಾಜಾಲದ ವಿಷಯದಲ್ಲಿ ನಾನೊಬ್ಬನೇ ಸಂತ್ರಸ್ತನಲ್ಲವೆಂಬುದು ಸಮಾಧಾನದ ಸಂಗತಿ. ಚಿಂತಾಮಣಿಯ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಭಾವಮೈದುನ ತಮ್ಮದು ಸಂಪೂರ್ಣ ವೈ-ಫೈ ಆವರಣವೆಂದು ಬಹಳ ದಿನ ಜಂಬ ಕೊಚ್ಚಿದ್ದ. ಹೋಗಿ ನೋಡಿದರೆ ಫಲಕ ಸೊಗಸಾಗಿತ್ತು, ಸಂಪರ್ಕ ಮಾತ್ರ ಗ್ರಂಥಾಲಯದ ಹಿಂದಿನ ಬೇವಿನ ಮರದ ಬುಡದಲ್ಲಿ ಲಭ್ಯವಿತ್ತು. ವಿದ್ಯಾರ್ಥಿಗಳು ಅದನ್ನು ಬೋಧಿವೃಕ್ಷವೆಂದು ಕರೆದು, ಸೆಮಿಸ್ಟರಿನ ಫಲಿತಾಂಶದ ದಿನ ಅದರಡಿ ಕುಳಿತು, ದುಃಖದ ಮೂಲವನ್ನು ಅರಿತುಕೊಳ್ಳುತ್ತಿದ್ದರಂತೆ. ಗೌರಿಬಿದನೂರಿನ ನನ್ನ ಗೆಳೆಯರೊಬ್ಬರ ಕಾಲೇಜಿನಲ್ಲಿ ಎಲ್ಲಕ್ಕೂ ಇರುವುದು ಒಂದೇ ಸಂಪರ್ಕ. ಕಚೇರಿಯವರು ವಿದ್ಯಾರ್ಥಿವೇತನದ ಕಾಗದಗಳನ್ನು ಜಾಲತಾಣಕ್ಕೆ ಏರಿಸಲು ಕುಳಿತರೆಂದರೆ ಪಕ್ಕದ ಕೊಠಡಿಯ ಪರದೆಯಲ್ಲಿ ಪಾಠ ಹೇಳುತ್ತಿರುವವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತದೆ. ಊರಿಗೆ ನೀರಿನ ಟ್ಯಾಂಕು ಕಟ್ಟಿಸಿ, ಎಲ್ಲ ಮನೆಗಳಿಗೂ ಎಳನೀರು ಕುಡಿಯುವಂಥ ಒಂದೇ ಕೊಳವೆಯಲ್ಲಿ ನೀರು ಬಿಟ್ಟ ಹಾಗೆ ಇದು. ಟ್ಯಾಂಕು ಉದ್ಘಾಟಿಸಿದವರ ಫೋಟೋ ಇರುತ್ತದೆ. ಕೊಳವೆಯ ಅಗಲ ಕೇಳಿದವರ ಫೋಟೋ ಎಲ್ಲಿಯೂ ಇರುವುದಿಲ್ಲ.

ನಮ್ಮಲ್ಲಿ ಭೌತಶಾಸ್ತ್ರಕ್ಕೆ ಉಪನ್ಯಾಸಕರಿಲ್ಲ. ಆದ್ದರಿಂದ ಚಿಕ್ಕಬಳ್ಳಾಪುರದ ಕಾಲೇಜಿನ ಗಾಯತ್ರಿ ಮೇಡಂ ಅಲ್ಲಿಂದಲೇ ಪರದೆಯ ಮೂಲಕ ನಮ್ಮ ಮಕ್ಕಳಿಗೂ ಪಾಠ ಮಾಡುವ ವ್ಯವಸ್ಥೆಯಾಯಿತು. ಕಂಬದಿಂದ ಕಂಬಕ್ಕೆ ಜೋತುಬಿದ್ದು ಗಾಜಿನ ಎಳೆಯ ಕೇಬಲ್ಲೊಂದು ಕಾಲೇಜಿಗೆ ಬಂತು, ಅದರ ತುದಿಗೆ ದೀಪ ಮಿನುಗುವ ಪೆಟ್ಟಿಗೆಯೂ ಬಂತು. "ತಂಪಾಗಿ ಇಡಿ ಸಾರ್, ಬಿಸಿಯಾದ್ರೆ ನಿಂತೋಗುತ್ತೆ" ಎಂದು ಹೇಳಿ, ಅದನ್ನು ಜೋಡಿಸಿದ ತಂತ್ರಜ್ಞ ಬೈಕ್ ಹತ್ತಿದ.

ರೇಷ್ಮೆ ಬೆಳೆಯುವ ಊರಿನಲ್ಲಿ ತಂಪು ಎಂಬುದಕ್ಕೆ ಒಂದೇ ಅರ್ಥ. ಬೇಸಿಗೆಯಲ್ಲಿ ಹುಳು ಸಾಕುವ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು, ಒಣಗಿದಂತೆಲ್ಲ ನೀರು ಚಿಮುಕಿಸುತ್ತಾರೆ. ನಮ್ಮ ಅಟೆಂಡರ್ ವೆಂಕಟರೋಣಪ್ಪ ಪೆಟ್ಟಿಗೆಯ ಕೊಠಡಿಗೆ ಅದೇ ಉಪಚಾರ ಮಾಡಿದ. ಕಿಟಕಿಗೆ ಗೋಣಿತಾಟು, ಅದರ ಹಿಂದೆ ಫ್ಯಾನು, ಬಾಗಿಲಲ್ಲಿ ಕಾಲು ತೊಳೆಯಲು ನೀರು. ಒಳಗೆ ಕಾಲಿಟ್ಟರೆ ಕೊಡೈಕೆನಾಲಿನಂತಿತ್ತು. ನಾನೂ ಸಹೋದ್ಯೋಗಿಗಳೂ ಮೆಚ್ಚಿ ತಲೆದೂಗಿದೆವು. ಕೆಲವೇ ದಿನಗಳಲ್ಲಿ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು, ಆಮೇಲೆ ಅದಕ್ಕೆ ಬಣ್ಣವೇ ಇಲ್ಲದಾಯಿತು. ಮರಳಿ ಬಂದ ತಂತ್ರಜ್ಞ ಮುಚ್ಚಳ ತೆಗೆದು ಒಳಗಿನ ತೇವವನ್ನು ಬೆರಳಲ್ಲಿ ಒರೆಸಿ ತೋರಿಸಿದ.

"ಇದು ಮಿಷಿನ್ನು ಕಣಣ್ಣ, ರೇಷ್ಮೆಹುಳ ಅಲ್ಲ."

"ಎರಡೂ ದಾರಾನೇ ಅಲ್ವೇನಪ್ಪ ಬಿಡೋದು?" ಎಂದ ವೆಂಕಟರೋಣಪ್ಪ, ಸ್ವಲ್ಪವೂ ಎದೆಗುಂದದೆ.

ಹೊಸ ಪೆಟ್ಟಿಗೆಯೇನೋ ಬಂತು, ಆದರೆ ಒಂದು ಷರತ್ತಿನೊಂದಿಗೆ. ಮುಂದಿನ ಸೋಮವಾರ ಚಿಕ್ಕಬಳ್ಳಾಪುರದಿಂದ ಅಧಿಕಾರಿಯೊಬ್ಬರು ಬಂದು ಬೆಳಗಿನ ಪಾಠವನ್ನು ಆದಿಯಿಂದ ಅಂತ್ಯದವರೆಗೆ ನೋಡುತ್ತಾರೆ. ನಡುವೆ ಸಂಪರ್ಕ ಕಡಿದರೆ ನಮ್ಮ ವಿಜ್ಞಾನ ವಿಭಾಗವನ್ನು ಶಿಡ್ಲಘಟ್ಟ ಪಟ್ಟಣದ ಕಾಲೇಜಿಗೆ ಸೇರಿಸಿಬಿಡುತ್ತಾರೆ. ಕಾಗದದ ಮೇಲೆ ಇದು ಬರೀ ವಿಲೀನ. ನಮ್ಮ ದ್ವಿತೀಯ ಪಿಯುಸಿಯ ಭವ್ಯಳಿಗೆ ಮಾತ್ರ ಇದು ವಿಜ್ಞಾನಕ್ಕೇ ವಿದಾಯ. ಅವಳ ತಾಯಿ ಮುನಿಲಕ್ಷ್ಮಮ್ಮ ಹುಳು ಸಾಕುವವರು, ಬೆಳಿಗ್ಗೆ ಸಂಜೆ ಸೊಪ್ಪು ಹಾಕಲು ಮಗಳ ಕೈ ಬೇಕೇ ಬೇಕು. ಕಾಲೇಜು ನಡಿಗೆಯ ದೂರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಆ ಹುಡುಗಿ ಎರಡನ್ನೂ ತೂಗಿಸುತ್ತಿದ್ದಳು. ಪಟ್ಟಣದ ಬಸ್ಸಿಗೆ ಕಾದು ಕತ್ತಲಲ್ಲಿ ಮನೆ ಸೇರುವುದು ಅವಳಿಂದಾಗದು. ಅವಳಂಥವರು ನಮ್ಮ ತರಗತಿಯ ತುಂಬ ಇದ್ದರು.

ಸೋಮವಾರ ಎಂದು ಕೇಳಿದ ಕ್ಷಣವೇ ನನ್ನ ಚಿಂತಾಯಂತ್ರ ಚಾಲನೆಗೊಂಡಿತು. ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಅದನ್ನು ನಮ್ಮವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವನ್ನು ಕಣ್ಣಾರೆ ಕಂಡವರೇ ಬಲ್ಲರು. ಆ ವಾರ ಊರಿನ ಟ್ರಾಕ್ಟರುಗಳೆಲ್ಲ ಹಿಪ್ಪುನೇರಳೆಯ ಕಡ್ಡಿಸೊಪ್ಪನ್ನು ಗುಡ್ಡದಂತೆ ಹೇರಿಕೊಂಡು ತೋಟದಿಂದ ಮನೆಗೆ ಓಡಾಡುತ್ತವೆ. ನಮ್ಮ ಕೇಬಲ್ಲು ಕಾಲೇಜಿನ ತಿರುವಿನಲ್ಲಿ ಸರಿಯಾಗಿ ಆ ದಾರಿಯ ಮೇಲೆಯೇ ಜೋಲುತ್ತಿತ್ತು, ಹಿಂದಿನ ಬೆಳೆಯಲ್ಲೂ ಅದರ ಹಿಂದಿನ ಬೆಳೆಯಲ್ಲೂ ಸೊಪ್ಪಿನ ಹೊರೆಗೆ ಸಿಕ್ಕಿ ಹರಿದಿತ್ತು. ಮೇಲೆತ್ತಿ ಕಟ್ಟಿ ಎಂದು ನಾನು ಅಂಗಲಾಚದ ಬಾಗಿಲಿಲ್ಲ. ಕಂಬದವರು ತಂತಿ ತಮ್ಮದಲ್ಲವೆಂದರು, ತಂತಿಯವರು ಕಂಬ ತಮ್ಮದಲ್ಲವೆಂದರು, ರಸ್ತೆಯವರು ಆಕಾಶ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದರು. ಊರಿನಲ್ಲಿ ಎಲ್ಲರ ಹುಳುವೂ ಆ ಶನಿವಾರ ಜ್ವರದಿಂದ ಎದ್ದಿತ್ತು.

ಭಾನುವಾರ ಮುನಿಲಕ್ಷ್ಮಮ್ಮನವರಲ್ಲಿಗೆ ಹೋದೆ. ಊರಿನ ದೊಡ್ಡ ಬೆಳೆ ಅವರದೇ, ಅವರ ಮಾತನ್ನು ಉಳಿದವರು ಕೇಳುತ್ತಾರೆ. ಹುಳುವಿನ ಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ ನಮ್ಮ ಸಂಧಾನ ಕಿಟಕಿಯ ಸೊಳ್ಳೆಪರದೆಯ ಮೂಲಕ ನಡೆಯಿತು.

"ಯಾರು, ಸಾರಾ? ಅಲ್ಲೇ ನಿಂತ್ಕೊಳ್ಳಿ. ಸೆಂಟು ಗಿಂಟು ಹಾಕ್ಕೊಂಡಿದ್ದೀರಾ?"

"ಇಲ್ಲಮ್ಮ, ಬರೀ ಪೌಡರು."

"ಹಂಗಾದ್ರೆ ಇನ್ನೆರಡು ಹೆಜ್ಜೆ ಹಿಂದಕ್ಕೋಗಿ, ಹುಳಕ್ಕೆ ವಾಸನೆ ಆಗಲ್ಲ."

ಹಿಂದಕ್ಕೆ ಹೋಗಿ, ದನಿ ಎತ್ತರಿಸಿ, ನಾಳೆ ಪಾಠ ಮುಗಿಯುವವರೆಗೆ ಟ್ರಾಕ್ಟರುಗಳನ್ನು ನಿಲ್ಲಿಸಲಾದೀತೇ ಎಂದು ಬಿನ್ನವಿಸಿಕೊಂಡೆ. ಒಳಗಿನಿಂದ ಹುಳುಗಳು ಸೊಪ್ಪು ಮೇಯುವ, ಹಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದಿನ ನಡುವೆಯೇ ಅವರ ಉತ್ತರ ಬಂತು.

"ಬರೋ ಸಾಹೇಬ್ರನ್ನ ಊಟದ ಮುಂದೆ ಕೂರ್ಸಿ, ಒಂದು ಗಂಟೆ ತಡೀರಿ ಅಂತ ಹೇಳಿ ನೋಡಣ. ಈಗ ತಿನ್ನೋದೇ ಸಾರ್ ಗೂಡಾಗೋದು. ಹೊಟ್ಟೆಗೆ ಕಮ್ಮಿಯಾದ್ರೆ ಗೂಡು ಕಾಗದದ ಹಂಗಾಯ್ತದೆ."

"ಅಮ್ಮಾ, ಪಾಠ ಕಟ್ಟಾದ್ರೆ ಸೈನ್ಸೇ ಎತ್ತಾಕ್ತಾರೆ ಕಣಮ್ಮ" ಎಂದಿತು ಇನ್ನೊಂದು ಮೂಲೆಯಿಂದ ಭವ್ಯಳ ದನಿ.

"ಎತ್ತಾಕ್ಲಿ ಅಂದ್ನಾ ನಾನು? ನೀನು ಸೊಪ್ಪು ಹಾಕು ಕಣೇ." ಮುನಿಲಕ್ಷ್ಮಮ್ಮ ಪರದೆಯ ಹತ್ತಿರ ಬಂದರು. "ಸೊಪ್ಪೂ ನಿಲ್ಲಬಾರ್ದು, ಪಾಠಾನೂ ನಿಲ್ಲಬಾರ್ದು. ಹೊರೆ ಬಂದಾಗ ಯಾರಾದ್ರೂ ಕವೆಗೋಲಲ್ಲಿ ಆ ವೈರು ಎತ್ತಿ ಹಿಡಿದ್ರಾಯ್ತಪ್ಪ. ಎಂದುಕು ಸಾರ್ ಭಯಂ?"

ಭಯ ಯಾಕೆ ಎಂದು ತೆಲುಗಿನಲ್ಲಿ ಕೇಳಿಸಿಕೊಂಡಾಗ ನನಗೆ ಇನ್ನೂ ಹೆಚ್ಚು ಭಯವಾಗುತ್ತದೆ. ಆದರೂ ಅದಕ್ಕಿಂತ ಉತ್ತಮ ಯೋಜನೆ ಯಾವ ಕಚೇರಿಯಿಂದಲೂ ಬಂದಿರಲಿಲ್ಲ. ಎತ್ತಿ ಹಿಡಿಯುವವರು ಯಾರು ಎಂಬುದಷ್ಟೇ ಉಳಿದಿತ್ತು. ಸೋಮವಾರ ವೆಂಕಟರೋಣಪ್ಪ ಕರೆಂಟು ಹೋದರೆ ಜನರೇಟರು ಎಬ್ಬಿಸಲು ಅದರ ಪಕ್ಕದಲ್ಲೇ ಇರಬೇಕು, ಸಹೋದ್ಯೋಗಿಗಳು ತಮ್ಮ ತಮ್ಮ ತರಗತಿಗಳಲ್ಲಿರಬೇಕು. ಆ ಹೊತ್ತಿನಲ್ಲಿ ಕಾಲೇಜಿನಲ್ಲಿ ಯಾವ ಉಪಯುಕ್ತ ಕೆಲಸವೂ ಇಲ್ಲದ, ಆರಡಿ ಎತ್ತರದ ಸಿಬ್ಬಂದಿ ಎಂದರೆ ಪ್ರಾಂಶುಪಾಲ ಒಬ್ಬನೇ.

ಅಧಿಕಾರಿ ಬಂದರು. ಅವರನ್ನು ತರಗತಿಯಲ್ಲಿ ಕೂರಿಸಿ, ತುರ್ತು ಕೆಲಸವೆಂದು ಹೇಳಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ತಿರುವಿಗೆ ಹೋಗಿ ಬಿದಿರಿನ ಕವೆಗೋಲು ಹಿಡಿದು ನಿಂತೆ. ಗಾಜಿನ ಎಳೆಯಲ್ಲಿ ಕರೆಂಟಿರುವುದಿಲ್ಲ ಎಂದು ತಂತ್ರಜ್ಞನನ್ನು ಪದೇ ಪದೇ ಕೇಳಿ ಖಚಿತಪಡಿಸಿಕೊಂಡಿದ್ದೆ, ನಂಬಿರಲಿಲ್ಲ. ಮೊದಲ ಟ್ರಾಕ್ಟರು ಬಂದಾಗ ಕಣ್ಣು ಮುಚ್ಚಿಕೊಂಡೇ ಎತ್ತಿದೆ. ಸೊಪ್ಪಿನ ಹಸಿ ವಾಸನೆ ಮುಖಕ್ಕೆ ಬಡಿದು ಮುಂದೆ ಸರಿಯಿತು. ಕಣ್ಣು ಬಿಟ್ಟರೆ ಕೇಬಲ್ಲೂ ನಾನೂ ಇದ್ದೆವು.

"ಏನ್ ಸಾರ್, ಲೈನ್‌ಮನ್ ಪ್ರಮೋಷನ್ ಬಂತಾ?" ಎಂದ ಚಾಲಕ. ಎರಡನೆಯ ಹೊರೆಯ ಮೇಲೆ ಕುಳಿತಿದ್ದ ಮುನಿಲಕ್ಷ್ಮಮ್ಮ ತಾವೂ ತಲೆ ತಗ್ಗಿಸಿ ಕೇಬಲ್ಲಿನಡಿ ದಾಟುತ್ತಾ, "ಇನ್ನೊಂಚೂರು ಮೇಲಕ್ಕೆ ಸಾರ್, ಬೆಳಿಗ್ಗೆ ತಿಂಡಿ ತಿಂದಿಲ್ವಾ?" ಎಂದರು. ಟ್ರಾಕ್ಟರುಗಳ ನಡುವಿನ ಬಿಡುವಿನಲ್ಲಿ ವೆಂಕಟರೋಣಪ್ಪ ಜನರೇಟರಿನ ಪಕ್ಕದಿಂದಲೇ ತರಗತಿಯ ಕಿಟಕಿಯಲ್ಲಿ ಇಣುಕಿ "ಬರ್ತಾ ಐತೆ ಸಾರ್!" ಎಂದು ಕೂಗಿ ಪಾಠದ ವರದಿ ಒಪ್ಪಿಸುತ್ತಿದ್ದ. ಕೋಲನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡೆ. ಒಂದೇ ತಿರುವಿನಲ್ಲಿ ಕೆಳಗಿನಿಂದ ಹುಳುವಿನ ಊಟವೂ ಮೇಲಿನಿಂದ ಮಕ್ಕಳ ಪಾಠವೂ ಹೋಗುತ್ತಿವೆ, ಎರಡಕ್ಕೂ ತಡವಾಗುವಂತಿಲ್ಲ ಎಂಬ ಸರಳ ಸತ್ಯ ನನಗೆ ಹೊಳೆದದ್ದು ಆಗಲೇ. ಸೊಪ್ಪು ಸಾಕಷ್ಟು ಇದೆಯೇ ಎಂದು ಅಳೆಯದೆ ಈ ಊರಿನಲ್ಲಿ ಯಾರೂ ಹುಳು ತರುವುದಿಲ್ಲ. ನಾವು ಮಾತ್ರ ಪರದೆ ಮೊದಲು ತಂದು, ತಂತಿಯ ಯೋಚನೆ ಆಮೇಲೆ ಮಾಡುತ್ತೇವೆ.

ಪಾಠ ಮುಗಿಸಿ ನನ್ನನ್ನು ಹುಡುಕಿಕೊಂಡು ಬಂದ ಅಧಿಕಾರಿ ನನ್ನನ್ನೂ ನನ್ನ ಕೋಲನ್ನೂ ನೋಡಿದರು.

"ಇದೇನಾ ನಿಮ್ಮ ತುರ್ತು ಕೆಲಸ?"

"ಹೌದು ಸಾರ್. ಪಾಠ ಎಲ್ಲೂ ನಿಲ್ಲಲಿಲ್ಲ ತಾನೇ?"

"ನಿಲ್ಲಲಿಲ್ಲ. ಇಲ್ಲೇ ಮುಂದುವರಿಯಲಿ ಅಂತಾನೇ ಬರೀತೀನಿ." ಅವರು ತಲೆ ಎತ್ತಿ ಕೇಬಲ್ಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. "ನೆಲದಲ್ಲಿ ಹೂಳಿಸಬೇಕು ಅಂತಲೂ ಬರೀತೀನಿ. ಅಲ್ಲೀವರೆಗೂ ಹೀಗೇ ನಿಂತಿರ್ತೀರೇನ್ರೀ?"

ನಿಂತಿರುತ್ತೇನೆ ಎಂದೆ. ಬೇರೇನು ಹೇಳಲಿ? ಮಾರನೆಯ ಬೆಳಿಗ್ಗೆ ತೋಳಿಗೆ ಮುಲಾಮು ಬಳಿದುಕೊಂಡು ಹೋದರೆ ತಿರುವಿನಲ್ಲಿ ಎತ್ತರದ ನೀಲಗಿರಿ ಕಂಬವೊಂದು ಹೊಸದಾಗಿ ಎದ್ದಿತ್ತು, ಕೇಬಲ್ಲು ಅದರ ತುದಿಯಲ್ಲಿ ರಬ್ಬರಿನ ಪಟ್ಟಿಯ ಮೇಲೆ ಹಾಯಾಗಿ ಒರಗಿತ್ತು. ಅದನ್ನು ನೆಡಿಸಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಮುನಿಲಕ್ಷ್ಮಮ್ಮನವರಿಗೆ ಕೈಮುಗಿದೆ.

"ನಿಮ್ಮ ಕೈ ನೋಯ್ತದೆ ಅಂತಲ್ಲ ಸಾರ್" ಎಂದರು ಅವರು, ಟ್ರಾಕ್ಟರಿನ ಮೇಲಿನಿಂದ. "ನೀವು ಅಲ್ಲಿ ಅಡ್ಡ ನಿಂತ್ರೆ ಗಾಡಿ ತಿರುಗ್ಸಕ್ಕಾಗಲ್ಲ."

ಕಂಬ ಯಾವ ಇಲಾಖೆಯದೂ ಅಲ್ಲವಾದ್ದರಿಂದ ಗಟ್ಟಿಯಾಗಿ ನಿಂತಿದೆ. ಆದರೂ ಇದನ್ನೇ ಪರಿಹಾರವೆಂದು ಚಪ್ಪಾಳೆ ತಟ್ಟಬೇಡಿ; ಹೂಳುವ ತಂತಿಗಾಗಿ ನಾನು ಪತ್ರ ಬರೆಯುತ್ತಲೇ ಇದ್ದೇನೆ, ಬಂದೇ ಬರುತ್ತದೆ ಎಂಬ ಭರವಸೆಯೂ ಇದೆ. ಈಚೆಗೆ ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಮಾತು ಮುಗಿದ ಕೂಡಲೇ ಕಾಲೇಜಿನ ಕೇಬಲ್ಲಿನ ಮಾತನ್ನೆತ್ತಿದವರು ನಾನಲ್ಲ, ಹುಳು ಸಾಕುವ ಹೆಂಗಸರು.

ಕಂಬ ಎದ್ದ ಆ ಬೆಳಿಗ್ಗೆ, ಕೋಲು ಹಿಡಿಯುವ ಕೆಲಸ ಕಳೆದುಕೊಂಡ ನಾನು ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತೆ. ಇಷ್ಟೆಲ್ಲ ಪಾಡು ಪಟ್ಟು ಉಳಿಸಿದ ಪಾಠವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಪರದೆಯ ಮೇಲೆ ಗಾಯತ್ರಿ ಮೇಡಂ ಎದುರಿಗೆ ಕುಳಿತವರಷ್ಟು ಸ್ಪಷ್ಟವಾಗಿದ್ದರು. ಫೋನಿನಲ್ಲಿ ನನ್ನ ದನಿಯಷ್ಟೇ ಕೇಳಿದ್ದ ಅವರು ಒಮ್ಮೆ ಮಾತು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ನಮ್ಮ ಕ್ಯಾಮೆರಾದ ಮೂಲಕ ತರಗತಿಯನ್ನು ದಿಟ್ಟಿಸಿದರು.

"ಕೊನೇ ಬೆಂಚಿನಲ್ಲಿ ಆರಾಮಾಗಿ ಒರಗಿಕೊಂಡಿರೋರು ಯಾರಪ್ಪ? ಎದ್ದು ನಿಂತ್ಕೊಳ್ಳಿ. ಗಾಜಿನ ಎಳೆ ಅಷ್ಟೊಂದು ಬಾಗಿದರೂ ಒಳಗಿರೋ ಬೆಳಕು ಹೊರಗೆ ಯಾಕೆ ಸೋರಲ್ಲ, ಹೇಳಿ ನೋಡೋಣ."

ಎದ್ದು ನಿಂತೆ. ಆ ಎಳೆಯನ್ನು ಹಿಂದಿನ ದಿನ ಪಾಠದುದ್ದಕ್ಕೂ ತಲೆಯ ಮೇಲೆ ಹೊತ್ತವನಿಗೆ ಆ ಪ್ರಶ್ನೆಯ ಉತ್ತರ ಮಾತ್ರ ತಿಳಿದಿರಲಿಲ್ಲ. ಇಡೀ ತರಗತಿ ತಿರುಗಿ ನೋಡಿತು; ಭವ್ಯ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. ದೇವರೇ, ಒಂದೇ ಒಂದು ನಿಮಿಷ ಈ ನೆಟ್ ಹೋಗಲಿ ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಬೇಡಿಕೊಂಡೆ. ಅದು ಹೋಗಲಿಲ್ಲ.