ಒಂದು ಸಾಲು ತಪ್ಪಿದ ಈಮೇಲು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ಈಮೇಲ್ ಓದುವವನು ಈಗ ನಾನೊಬ್ಬನೇ ಇರಬೇಕು. ಹಳೆಯ ತಂತ್ರಾಂಶ, ಹಳೆಯ ನಾನು, ಹೇಗೋ ಹೊಂದಿಕೊಂಡಿದ್ದೇವೆ. ಸುರೇಬಾನದ ನಮ್ಮಕ್ಕನ ಕುತ್ತಿಗೆಯ ಗಂಟು ತೆಗೆದು ಪರೀಕ್ಷೆಗೆ ಕೊಟ್ಟಾಗ, ರಿಪೋರ್ಟನ್ನು ನನ್ನ ವಿಳಾಸಕ್ಕೇ ಕಳಿಸಿರೆಂದು ಜಂಬದಿಂದ ಬರೆಸಿ ಬಂದಿದ್ದೆ.

ಬಂತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಓರೆಗೆರೆ. ಎಷ್ಟು ಕೆಳಗಿಳಿದರೂ ಅದೇ. ಲ್ಯಾಬಿಗೆ ಫೋನ್ ಮಾಡಿದರೆ "ನಮ್ಮ ಕಡಿಂದ ಬರೋಬ್ಬರಿ ಹೋಗೇತ್ರಿ" ಎಂದರು. ಅಕ್ಕನಿಗೆ ತಡೆಯಲಾಗಲಿಲ್ಲ. "ಏನ ಬಂದೈತಿ, ಅದನ್ನ ತಗೊಂಡ ಬಾ" ಎಂದು ಹಟ ಹಿಡಿದಳು. ಎಲ್ಲವನ್ನೂ ಪ್ರಿಂಟ್ ಹಾಕಿಸಿಕೊಂಡು ಬಸ್ ಹತ್ತಿದೆ. ಪರದೆಯ ಮೇಲೆ ತಿಳಿಯದ್ದು ಕಾಗದದ ಮೇಲೆ ತಿಳಿದೀತೆಂಬ ಆಸೆ ನನಗೂ ಇತ್ತು.

ಅಕ್ಕ ಆ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದಳು. "ಇಷ್ಟ ದೊಡ್ಡ ರಿಪೋರ್ಟ್ ಅಂದ್ರ ಬ್ಯಾನಿನೂ ದೊಡ್ಡದ ಇರಬೇಕಲ್ಲೋ ತಮ್ಮಾ" ಎಂದಳು. ನನ್ನ ಅಂಜಿಕೆ ತೋರಗೊಡದೆ, ಇದರಲ್ಲಾದರೂ ಕಂಡೀತೇನೋ ಎಂದು ಅವಳ ಮೊಬೈಲಿನಲ್ಲಿ ನನ್ನ ಮೇಲ್ ತೆರೆದೆ. ಅದೇ ಪತ್ರ, ಒತ್ತಿದೊಡನೆ ಅಚ್ಚುಕಟ್ಟಾದ ಒಂದೇ ಪುಟ ಅರಳಿತು. ಸಾದಾ ಗಂಟು, ಕ್ಯಾನ್ಸರ್ ಅಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಕಡತವಿರಲಿ, ಫೋಟೋ ಇರಲಿ, ಈಮೇಲಿನಲ್ಲಿ ಹೀಗೆ ಅಕ್ಷರಗಳಾಗಿಯೇ ಪ್ರಯಾಣ ಮಾಡುತ್ತವಂತೆ. ಅವನ್ನು ಹೇಗೆ ಬಿಡಿಸಬೇಕೆಂದು ಹೇಳುವ ಕೆಲವು ಸಾಲುಗಳು ಪತ್ರದ ನೆತ್ತಿಯ ಮೇಲೆ ನಮಗೆ ಕಾಣದಂತೆ ಇರುತ್ತವಂತೆ. ಲ್ಯಾಬಿನ ಪತ್ರದಲ್ಲಿ ಅಂಥ ಒಂದು ಸಾಲು ಬಿಟ್ಟುಹೋಗಿತ್ತು. ನನ್ನಂತೆಯೇ ಮಡಿವಂತನಾದ ನನ್ನ ತಂತ್ರಾಂಶ, ಆ ಸಾಲಿಲ್ಲದೆ ಮುಟ್ಟುವುದಿಲ್ಲವೆಂದು ಕೂತಿತ್ತು. ಮೊಬೈಲು ಮಾತ್ರ, ಇರಲಿ ಬಿಡು ಎಂದು ಬಿಡಿಸಿ ಕೊಟ್ಟಿತು.

ಅಂದರೆ ಅಕ್ಕನಿಗೆ ಏನೂ ಆಗಿಲ್ಲವೆಂಬ ಸುದ್ದಿ ಸವದತ್ತಿ, ರಾಮದುರ್ಗ ದಾಟುವಾಗಲೂ ನನ್ನ ತೊಡೆಯ ಮೇಲೆಯೇ ಇತ್ತು! ಅದನ್ನೇ ತಬ್ಬಿಕೊಂಡು ಅಂಜುತ್ತ ಕೂತಿದ್ದೆನಲ್ಲ ಎಂದು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಅಕ್ಕ ಅವತ್ತು ಕಣ್ಣೊರೆಸಿಕೊಂಡು ಕಾಗದದ ಕಟ್ಟನ್ನು ಮತ್ತೆ ಕೈಗೆತ್ತಿಕೊಂಡಳು.

"ಹಂಗಾರ ಇದರಾಗೂ ಏನೂ ಇಲ್ಲಂತನ ಬರದೈತೇನು?"

"ಹೌದಕ್ಕಾ, ಇದರಾಗೂ ಅದ ಐತಿ."

"ಎಲ್ಲೈತಿ? ತೋರಸು."

ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಸುಮ್ಮನೆ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅಕ್ಕ ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.